ಬಂದೂಕಿನ ಬಾಯಲ್ಲಿ ಎರೆಮಣ್ಣು

ಒಂಬತ್ತನೇ ತರಗತಿಗೆ ಒತ್ತಡದ ಪಾಠ ಮಾಡುವ ದಿನ ನಾನು ಒಂದು ಹಳೆಯ ಸೈಕಲ್ ಪಂಪು ಹಿಡಿದುಕೊಂಡು ಹೋಗುತ್ತೇನೆ. ಹಿಂದಿನ ಬೆಂಚಿನ ಗಟ್ಟಿಮುಟ್ಟಾದ ಹುಡುಗನೊಬ್ಬನನ್ನು ಕರೆದು ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿ ಎನ್ನುತ್ತೇನೆ. ಇನ್ನೊಬ್ಬನಿಗೆ ಹಿಡಿಕೆ ಒತ್ತಲು ಹೇಳುತ್ತೇನೆ. ಎಂಥ ಪೈಲ್ವಾನನಾದರೂ ಬೆರಳು 'ಪುಸ್' ಎಂದು ಸರಿದೇ ಸರಿಯುತ್ತದೆ. ತರಗತಿ ನಗುತ್ತದೆ. ಆಗ ನಾನು ಕೇಳುವ ಪ್ರಶ್ನೆ ಒಂದೇ: "ಬೆರಳು ಸರಿಯದೇ ಇದ್ದಿದ್ದರೆ, ಒಳಗಿನ ಗಾಳಿ ಎಲ್ಲಿಗೆ ಹೋಗುತ್ತಿತ್ತು?"

ಈ ಪ್ರಶ್ನೆ ನನಗೆ ಬಿ.ಎಸ್ಸಿ. ಪುಸ್ತಕದಿಂದ ಬಂದದ್ದಲ್ಲ, ಬಿ.ಎಡ್. ತರಬೇತಿಯಲ್ಲಿ ಕಲಿತದ್ದೂ ಅಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ ಸಿಂಧನೂರು ಸೀಮೆಯ ನಮ್ಮ ಭತ್ತದ ಗದ್ದೆಯ ಬದುವಿನ ಮೇಲೆ, ಒಂದು ಕತ್ತಲ ರಾತ್ರಿ ನನಗೇ ನಾನು ಕೇಳಿಕೊಂಡದ್ದು. ಬಹಳ ವರ್ಷ ಈ ಕಥೆಯನ್ನು ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ. ಈಚೆಗೆ ಮಕ್ಕಳಿಗೆ ಹೇಳತೊಡಗಿದ್ದೇನೆ. ತಂದೆತಾಯಂದಿರೂ ಕೇಳಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಅದು 1984ರ ಮಾತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ನಮ್ಮ ಕಡೆ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿದ್ದವು. ತೆನೆ ಹಾಲುಗಟ್ಟುವ ಹೊತ್ತಿಗೆ ಹಳ್ಳದ ಪೊದೆಗಳಿಂದ ಕಾಡುಹಂದಿಗಳು ಇಳಿಯುತ್ತಿದ್ದವು. ಅವು ತಿನ್ನುವುದಕ್ಕಿಂತ ತುಳಿಯುವುದೇ ಹೆಚ್ಚು. ಬೆಳೆ ರಕ್ಷಣೆಗೆಂದು ಅಪ್ಪನಿಗೆ ಪರವಾನಗಿ ಇದ್ದ ಬಂದೂಕು ಒಂದಿತ್ತು. ಒಂಟಿ ನಳಿಗೆಯ 12 ಬೋರ್ ಬಂದೂಕು. ಅಪ್ಪ ಯಾವ ಪ್ರಾಣಿಯನ್ನೂ ಕೊಂದವನಲ್ಲ. ಹಂದಿಗಳ ಸದ್ದು ಕೇಳಿದರೆ ಜನವಸತಿಯಿಲ್ಲದ ದಿಕ್ಕಿಗೆ, ಆಕಾಶದತ್ತ ಒಂದು ಗುಂಡು ಹಾರಿಸುತ್ತಿದ್ದ. ಆ ಸದ್ದಿಗೇ ಅವು ದಿಕ್ಕಾಪಾಲಾಗುತ್ತಿದ್ದವು.

ಆ ರಾತ್ರಿ ಕಾವಲು ಮುಗಿಸಿ ಬರುವಾಗ ಅಪ್ಪ ಲಾಟೀನು ಹಿಡಿದು ಮುಂದೆ, ನಾನು ಬಂದೂಕು ಹಿಡಿದು ಹಿಂದೆ. ಹುಡುಗನ ಕೈಗೆ ಬಂದೂಕು ಕೊಟ್ಟದ್ದೇ ತಪ್ಪು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ 21 ವರ್ಷ ತುಂಬದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಅಪ್ಪ ತೋಟಾ ಹೊರತೆಗೆದು, ಬಂದೂಕನ್ನು ನಡುವೆ ಮಡಿಸಿ ನನ್ನ ತೋಳಿನ ಮೇಲೆ ಇಟ್ಟಿದ್ದ. ಹಾಗೆ ಮಡಿಸಿದಾಗ ನಳಿಗೆಯ ಬಾಯಿ ನೆಲ ನೋಡುತ್ತದೆ. ಬದುವಿನ ಮೇಲೆ ಕಾಲು ಜಾರಿತು. ಬೀಳದಂತೆ ತಡೆದುಕೊಳ್ಳಲು ಹೋದಾಗ ನಳಿಗೆ ಗದ್ದೆಯ ಕೆಸರಿಗೆ ಗೇಣುದ್ದ ಹೊಕ್ಕಿತು.

"ಏನಾತೋ?" ಎಂದ ಅಪ್ಪ, ತಿರುಗದೆ.

"ಏನಿಲ್ಲಪ್ಪ, ಜಾರಿತು" ಎಂದೆ ನಾನು.

ಹೊರಗೆ ಹತ್ತಿದ ಕೆಸರನ್ನು ಅಂಗಿಯ ಚುಂಗಿನಿಂದ ಒರೆಸಿದೆ. ಒಳಗೆ ಹೊಕ್ಕದ್ದನ್ನು ನೋಡಲಿಲ್ಲ. ನೋಡಿದ್ದರೂ ಕತ್ತಲಲ್ಲಿ ಕಾಣುತ್ತಿರಲಿಲ್ಲ. ಮನೆಗೆ ಬಂದು ಬಂದೂಕನ್ನು ಗೂಟಕ್ಕೆ ತೂಗುಹಾಕಿ ಮಲಗಿದೆ. ಬೆಳಗ್ಗೆ ಹೇಳೋಣ ಎಂದುಕೊಂಡೆ. ಬೆಳಗ್ಗೆ ಅಪ್ಪ ಯಾವುದೋ ಸಿಟ್ಟಿನಲ್ಲಿದ್ದ. ಮಧ್ಯಾಹ್ನ ಹೇಳೋಣ ಎಂದುಕೊಂಡೆ. ಮಧ್ಯಾಹ್ನ ಅಪ್ಪ ಸಂತೆಗೆ ಹೋಗಿದ್ದ. ಸುಳ್ಳು ಹೇಳುವುದು ಸುಲಭ. ಹೇಳಿದ ಸುಳ್ಳನ್ನು ವಾಪಸು ತೆಗೆದುಕೊಳ್ಳುವುದು ಎಷ್ಟು ಕಷ್ಟ ಎಂದು ಆ ದಿನ ತಿಳಿಯಿತು.

ಮರುದಿನ ರಾತ್ರಿ ಮತ್ತೆ ಕಾವಲು. ನಡುರಾತ್ರಿಯ ಸುಮಾರಿಗೆ ಗದ್ದೆಯ ಆ ತುದಿಯಲ್ಲಿ ಬೆಳೆ ಮುರಿಯುವ ಸದ್ದು. ಅಪ್ಪ ಎದ್ದು ಬಂದೂಕು ಮಡಿಸಿ ತೋಟಾ ಹಾಕಿದ. ಅದು 'ಟಕ್' ಎಂದು ಮುಚ್ಚಿಕೊಂಡ ಸದ್ದು ನನಗೆ ಇನ್ನೂ ಕೇಳುತ್ತದೆ. ನಮ್ಮ ಕೇರಿಯ ಹಿರಿಯರು ಹೇಳುತ್ತಿದ್ದ ಮಾತು ಆಗ ಥಟ್ಟನೆ ನೆನಪಾಯಿತು: ಬಂದೂಕಿನ ಬಾಯಲ್ಲಿ ಕಸ ಇದ್ದರೆ ಗುಂಡು ಹಿಂದಕ್ಕೆ ಬರುತ್ತದೆ. ಅಪ್ಪ ಬಂದೂಕನ್ನು ಭುಜಕ್ಕೆ ಎತ್ತಿದ. ನನ್ನ ಬಾಯಿ ಒಣಗಿತ್ತು.

"ಅಪ್ಪಾ, ಬ್ಯಾಡ! ನಳಿಗಿಯಾಗ ಕೆಸರೈತಿ!"

ಅಪ್ಪ ಏನೂ ಅನ್ನಲಿಲ್ಲ. ಕುದುರೆಯಿಂದ ಬೆರಳು ತೆಗೆದ. ಬಾಯಿಯನ್ನು ಆಕಾಶದತ್ತಲೇ ಇಟ್ಟುಕೊಂಡು, ನಿಧಾನಕ್ಕೆ ಮಡಿಸಿ, ತೋಟಾ ಹೊರತೆಗೆದು ಜೇಬಿಗೆ ಹಾಕಿಕೊಂಡ. ಆಮೇಲೆ ಬದುವಿನ ಮೇಲೆ ಕುಳಿತುಬಿಟ್ಟ. ಸ್ವಲ್ಪ ಹೊತ್ತಿನ ನಂತರ ಎದ್ದು ಖಾಲಿ ಡಬ್ಬಿ ಬಡಿಯತೊಡಗಿದ. ಆ ರಾತ್ರಿ ಹಂದಿಗಳು ಹೊಟ್ಟೆತುಂಬ ತಿಂದು ಹೋದವು.

ಬೆಳಕು ಹರಿದ ಮೇಲೆ ಬಂದೂಕನ್ನು ಬಿಚ್ಚಿ, ನಳಿಗೆಯನ್ನು ಬೇರೆ ಮಾಡಿ, ತೋಟಾ ಹಾಕುವ ಕಡೆಯಿಂದ ಆಕಾಶ ನೋಡಿದೆವು. ಕಪ್ಪು. ನಮ್ಮದು ಎರೆಮಣ್ಣು. ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಬಿಗಿದು ಇಟ್ಟಿಗೆಯಾಗುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಹೊಲ ನೋಡಿದವರಿಗೆ ಅದರ ಗುಣ ಗೊತ್ತು. ಒಂದು ಹಗಲಿನಲ್ಲಿ ಅದು ಭತ್ತದ ಬೇರು, ಹುಲ್ಲಿನ ಎಳೆಗಳ ಸಮೇತ ನಳಿಗೆಯ ಬಾಯಲ್ಲಿ ಬಿರಡೆಯಂತೆ ಕೂತಿತ್ತು. ಒರೆಸುವ ಕೋಲಿಗೆ ಅಲುಗಲಿಲ್ಲ.

ನೋಡಲು ಬಂದವರೆಲ್ಲ ಒಂದೊಂದು ಉಪಾಯ ಹೇಳಿದರು. ಕಬ್ಬಿಣದ ಸರಳು ಇಟ್ಟು ಸುತ್ತಿಗೆಯಿಂದ ಬಡಿಯಿರಿ ಎಂದ ಒಬ್ಬ. ಒಲೆಯಲ್ಲಿ ಕಾಯಿಸಿ ಎಂದ ಇನ್ನೊಬ್ಬ. ಎಲ್ಲರಿಗೂ ಹಿಡಿಸಿದ್ದು ಮಾತ್ರ ಮೂರನೆಯವನ ಮಾತು: "ಒಂದ್ ತೋಟಾ ಹೊಡೀರಿ. ಅದ್ರ ರಭಸಕ್ಕ ಮಣ್ಣು ಹಾರಿಹೋಗ್ತೈತಿ." ಬೇಕಾದರೆ ಒಳಗಿನ ಸೀಸದ ಗುಂಡು ತೆಗೆದು ಬರೀ ಮದ್ದಿನಿಂದ ಹೊಡೆಯಬಹುದು ಎಂಬ ತಿದ್ದುಪಡಿಯೂ ಬಂತು. ಕೇಳಲು ಎಷ್ಟು ಸರಿ ಅನ್ನಿಸುತ್ತದೆ! ಕಬ್ಬಿಣವನ್ನೇ ತೂರುವ ಬಂದೂಕಿಗೆ ಹಿಡಿ ಮಣ್ಣು ಯಾವ ಲೆಕ್ಕ?

ಲೆಕ್ಕ ಏನೆಂದು ಆಮೇಲೆ ಓದಿ ತಿಳಿದೆ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ನೋಡಬಹುದು. 12 ಬೋರ್ ತೋಟಾದಲ್ಲಿ ಸುಮಾರು 30 ಗ್ರಾಂ ಸೀಸದ ಚಿಕ್ಕ ಗುಂಡುಗಳಿರುತ್ತವೆ. ಅವು ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರಬೀಳುತ್ತವೆ. ಚಲನ ಶಕ್ತಿಯ ಸೂತ್ರಕ್ಕೆ ಹಾಕಿ: ತೂಕದ ಅರ್ಧ, ಗುಣಿಸು ವೇಗದ ವರ್ಗ. 2,400 ಜೌಲ್ ಬರುತ್ತದೆ. 75 ಕಿಲೋದ ಭತ್ತದ ಚೀಲವನ್ನು ಮೂರು ಮೀಟರಿಗೂ ಹೆಚ್ಚು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಅದು. ಹಮಾಲನಿಗೆ ಅದಕ್ಕೆ ಕೆಲವು ಸೆಕೆಂಡಾದರೂ ಬೇಕು. ಬಂದೂಕು ಅದನ್ನು ಸೆಕೆಂಡಿನ ಸಾವಿರ ಪಾಲಿನಲ್ಲಿ ಮೂರು ಪಾಲಿನಷ್ಟು ಹೊತ್ತಿನಲ್ಲಿ ಮಾಡುತ್ತದೆ. ಮದ್ದು ಉರಿದಾಗ ತೋಟಾ ಕೂರುವ ಜಾಗದಲ್ಲಿ ಏಳುವ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 600 ಪಟ್ಟು.

ಈ ಒತ್ತಡ ಮೊದಲ ಕೆಲವು ಅಂಗುಲಗಳಲ್ಲೇ ಅತಿ ಹೆಚ್ಚು. ಗುಂಡು ಮುಂದೆ ಸರಿದಂತೆ ಅನಿಲಕ್ಕೆ ಜಾಗ ಸಿಗುತ್ತದೆ, ಒತ್ತಡ ಇಳಿಯುತ್ತದೆ. ಆದ್ದರಿಂದಲೇ ನಳಿಗೆಯ ಬುಡ ದಪ್ಪ, ತುದಿ ತೆಳು. ತುದಿಯ ಲೋಹ ಸುಮಾರು ಒಂದು ಮಿಲಿಮೀಟರ್ ದಪ್ಪ ಇದ್ದರೆ ಹೆಚ್ಚು. ಈಗ ಆ ತೆಳು ತುದಿಯಲ್ಲಿ ಮಣ್ಣು ಕೂತಿದೆ ಎನ್ನಿ. ಓಡಿಬಂದ ಸೀಸ ಅಲ್ಲಿ ಗಕ್ಕನೆ ತಡೆಯುತ್ತದೆ. ಹಿಂದಿನ ಅನಿಲ ಮೇಲೆ ಮೇಲೆ ಬಂದು ಬೀಳುತ್ತದೆ. ಪಂಪ್‌ಸೆಟ್ಟಿನ ವಾಲ್ವನ್ನು ಒಮ್ಮೆಗೇ ಮುಚ್ಚಿದರೆ ಪೈಪು ನಡುಗಿ ಒಡೆಯುವುದನ್ನು ರೈತರ ಮಕ್ಕಳು ನೋಡಿರುತ್ತೀರಿ. ಇದೂ ಅದೇ. ಮಣ್ಣಿಗೆ ಜರುಗಲು ಸಮಯ ಬೇಕು, ಆ ಸಮಯ ಅಲ್ಲಿಲ್ಲ. ಮುಂದಿನ ದಾರಿ ಕಟ್ಟಿದಾಗ ಒತ್ತಡ ಪಕ್ಕದ ದಾರಿ ಹುಡುಕುತ್ತದೆ. ಪಕ್ಕದಲ್ಲಿರುವುದು ಹಿಡಿದವನ ಎಡಗೈ, ಕೆನ್ನೆ, ಕಣ್ಣು. ಬರೀ ಮದ್ದಿನಿಂದ ಹೊಡೆಯುವುದೂ ಸುರಕ್ಷಿತವಲ್ಲ. ಬಿರಡೆ ಎಷ್ಟು ಬಿಗಿಯಾಗಿದೆ ಎಂದು ಹೊರಗಿನಿಂದ ಹೇಳಬಲ್ಲವರು ಯಾರೂ ಇಲ್ಲ.

ಅಪ್ಪ ಇದಾವುದನ್ನೂ ಓದಿದವನಲ್ಲ. ಆದರೂ ಯಾರ ಮಾತಿಗೂ ಹೂಂ ಅನ್ನಲಿಲ್ಲ. ಬಂದೂಕಿನ ಮೂರು ಭಾಗಗಳನ್ನು ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ, ಪರವಾನಗಿ ಪುಸ್ತಕವನ್ನು ಎದೆಯ ಜೇಬಿನಲ್ಲಿ ಇಟ್ಟುಕೊಂಡು, "ನಡಿ, ಲಿಂಗಸುಗೂರಿಗೆ ಹೋಗಿಬರೋಣು" ಎಂದ. ಅಲ್ಲಿ ಪರವಾನಗಿ ಪಡೆದು ಬಂದೂಕು ರಿಪೇರಿ ಮಾಡುವ ವೃದ್ಧರೊಬ್ಬರಿದ್ದರು. ಅಂದು ಶಾಲೆಗೆ ರಜೆ ಇರಲಿಲ್ಲ. ನನ್ನನ್ನೇಕೆ ಕರೆದೊಯ್ದ ಎಂಬುದು ದಾರಿಯಲ್ಲಿ ತಿಳಿಯಿತು.

ಸಿಂಧನೂರಿನಿಂದ ಲಿಂಗಸುಗೂರಿನ ರಸ್ತೆಯಲ್ಲಿ ನಡುವೆ ಮಸ್ಕಿ ಸಿಗುತ್ತದೆ. ಪಠ್ಯಪುಸ್ತಕದಲ್ಲಿ ಮಸ್ಕಿ ಎಂದರೆ ಅಶೋಕನ ಶಾಸನ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅದನ್ನು ಗುರುತಿಸಿದ. ಬೇರೆ ಕಡೆ 'ದೇವಾನಾಂಪ್ರಿಯ' ಎಂದಷ್ಟೇ ಇದ್ದ ಹೆಸರು ಇಲ್ಲಿ 'ಅಶೋಕ' ಎಂದು ಸ್ಪಷ್ಟವಾಗಿ ಸಿಕ್ಕಿದ್ದರಿಂದ ಆ ದೊರೆ ಯಾರು ಎಂಬುದು ಖಚಿತವಾಯಿತು. ಇದನ್ನೆಲ್ಲ ನಾನೂ ಪರೀಕ್ಷೆಯಲ್ಲಿ ಬರೆದಿದ್ದೇನೆ. ಆದರೆ ನನ್ನ ಮನಸ್ಸಿನಲ್ಲಿರುವ ಮಸ್ಕಿ ಬೇರೆ.

ಮಸ್ಕಿಯಲ್ಲಿ ಬಸ್ಸಿಳಿದು ಅಪ್ಪ ನನ್ನನ್ನು ಒಂದು ಚಹಾದಂಗಡಿಗೆ ಕರೆದೊಯ್ದ. ಅಂಗಡಿಯಾತ ಅಪ್ಪನ ಹಳೆಯ ಪರಿಚಯ. ಆತ ಬಲಗೈಯಲ್ಲಿ ಗ್ಲಾಸು ಇಟ್ಟ. ಎಡಗೈಯಲ್ಲಿ ಬಸಿ ಇಡುವಾಗ ನೋಡಿದೆ. ಹೆಬ್ಬೆರಳು ಮತ್ತು ಕಿರುಬೆರಳು, ಎರಡೇ. ಅಪ್ಪ, "ಇವಗ ನಿನ್ನ ಬಂದೂಕಿನ ಕಥಿ ಹೇಳಪ್ಪ" ಎಂದ. ಆತ ಸಂಕೋಚವಿಲ್ಲದೆ ಹೇಳಿದ. ಬೇಸಿಗೆಯಿಡೀ ಅಟ್ಟದ ಮೇಲಿಟ್ಟಿದ್ದ ಬಂದೂಕಿನ ನಳಿಗೆಯಲ್ಲಿ ಕುಂಬಾರ ಹುಳ ಗೂಡು ಕಟ್ಟಿತ್ತಂತೆ. ಮಣ್ಣು ಕಂಡಿದ್ದ. ಒಂದು ಹೊಡೆದರೆ ಹೋಗುತ್ತದೆ ಎಂದು ಹೊಡೆದ. "ಮಣ್ಣೇನೋ ಹೋತು. ಅದರ ಸಂಗಾಟ ಇವೂ ಹೋದವು" ಎಂದು ನಕ್ಕ. ನನಗೆ ಚಹಾ ಇಳಿಯಲಿಲ್ಲ. ಆ ಬೆರಳುಗಳ ಜಾಗದಲ್ಲಿ ನಾನು ಅಪ್ಪನ ಕೈಯನ್ನು ನೋಡುತ್ತಿದ್ದೆ.

ಕುಂಬಾರ ಹುಳ ಸಣ್ಣ ಜೀವಿ. ಕೊಳವೆ ಕಂಡರೆ ಸಾಕು, ಹಸಿಮಣ್ಣು ತಂದು ಮೆತ್ತುತ್ತದೆ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದಿಂದ ಹೊರಟ ವಿಮಾನವೊಂದು ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ವೇಗ ಅಳೆಯುವ ಕೊಳವೆ ಕಟ್ಟಿಕೊಂಡಿತ್ತು. ಇಂಥದೇ ಹುಳದ ಮಣ್ಣಿನ ಗೂಡು ಕಾರಣವಿರಬೇಕು ಎಂಬುದು ತನಿಖೆಯವರ ಬಲವಾದ ಅನುಮಾನ. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಮಸ್ಕಿಯ ಚಹಾದಂಗಡಿ.

ಲಿಂಗಸುಗೂರಿಗೆ ಹಳೆಯ ಜನ ಛಾವಣಿ ಎನ್ನುತ್ತಾರೆ. ನಿಜಾಮರ ಕಾಲದಲ್ಲಿ ಹೈದರಾಬಾದ್ ಕಂಟಿಂಜೆಂಟಿನ ದಂಡು ಬೀಡುಬಿಟ್ಟಿದ್ದ ಊರು. ನಾವು ಹುಡುಕಿ ಹೋದ ಮೇಸ್ತ್ರಿಯನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ನಾವು ಗಂಟು ಬಿಚ್ಚುವ ಮೊದಲೇ ಅವರು ಕೇಳಿದ್ದು ಎರಡು ಪ್ರಶ್ನೆ: "ತೋಟಾ ಒಳಗೈತೇನು? ಹೊಡೆದು ನೋಡಿದ್ರೇನು?" ಎರಡಕ್ಕೂ ಇಲ್ಲ ಎಂದ ಮೇಲೆಯೇ ನಳಿಗೆ ಕೈಗೆ ತೆಗೆದುಕೊಂಡರು. ಆದರೂ ತಾವೇ ಮತ್ತೊಮ್ಮೆ ತೋಟಾ ಕೂರುವ ಜಾಗಕ್ಕೆ ಬೆರಳು ಹಾಕಿ ನೋಡಿದರು. ಇನ್ನೊಬ್ಬರು ಖಾಲಿ ಎಂದರೆ ನಂಬಬಾರದು, ನಾನೇ ಖಾಲಿ ಮಾಡಿದ್ದರೂ ಮತ್ತೆ ನೋಡಬೇಕು ಎಂಬುದು ಅವರ ನಿಯಮ.

ಆಮೇಲೆ ಅವರು ಮಾಡಿದ್ದು ಎಷ್ಟು ಸರಳ! ಸುತ್ತಿಗೆಯಿಲ್ಲ, ಬೆಂಕಿಯಿಲ್ಲ. ನಳಿಗೆಯ ಬಾಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ನಿಲ್ಲಿಸಿದರು. ಮೇಲಿನ ತುದಿಯಿಂದಲೂ ಒಂದಿಷ್ಟು ನೀರು ಹೊಯ್ದರು. "ಚಹಾ ಕುಡೀರಿ" ಎಂದರು. ಒಣಗಿದ ಎರೆಹೆಂಟೆಯನ್ನು ನೀರಿಗೆ ಹಾಕಿದರೆ ತಾನೇ ಬಿರಿದು ಪುಡಿಯಾಗುತ್ತದೆ ಎಂಬುದು ರೈತನಿಗೆ ಹೊಸದಲ್ಲ. ನಮಗೆ ಹೊಳೆದಿರಲಿಲ್ಲ, ಅಷ್ಟೆ. ಒಂದು ತಾಸಿನ ನಂತರ ನಳಿಗೆಯ ಅಗಲಕ್ಕಿಂತ ತುಸುವೇ ಸಪೂರವಾದ ಮರದ ಕೋಲನ್ನು ಹಿಂದಿನಿಂದ ಇಳಿಬಿಟ್ಟು ಮೆಲ್ಲಗೆ ಒತ್ತಿದರು. ಸ್ವಲ್ಪ ಕೆಸರು ಬಂತು. ಮತ್ತೆ ನೀರು, ಮತ್ತೆ ಕಾಯುವುದು. ಮೂರನೇ ಸಲಕ್ಕೆ ಬೇರು, ಹುಲ್ಲು, ಒಂದು ಸಣ್ಣ ಶಂಖದ ಚಿಪ್ಪಿನ ಸಮೇತ ಉಳಿದದ್ದೆಲ್ಲ ಬಕೆಟ್ಟಿಗೆ ಬಿತ್ತು.

ಕಬ್ಬಿಣದ ಸರಳು ಏಕೆ ಬೇಡ ಎಂದು ಕೇಳಿದೆ. ಕಬ್ಬಿಣ ಒಳಗೋಡೆಯನ್ನು ಗೀರುತ್ತದೆ. ಬಡಿದರೆ ಮಣ್ಣು ಇನ್ನಷ್ಟು ಬಿಗಿಯುತ್ತದೆ. ಎಷ್ಟೋ ನಳಿಗೆಗಳ ಬಾಯಿ ಕೊನೆಯ ಅಂಗುಲಗಳಲ್ಲಿ ಕೊಂಚ ಕಿರಿದಾಗಿರುತ್ತದೆ. ಬಲವಾಗಿ ತಳ್ಳಿದಷ್ಟೂ ಬೆಣೆ ಹೊಡೆದಂತೆ. ಕಾಯಿಸಿದರೆ ಉಕ್ಕಿನ ಹದ ಕೆಡುತ್ತದೆ. ಒಳಗೆ ಸಿಕ್ಕಿಕೊಂಡದ್ದು ಮಣ್ಣಲ್ಲದೆ ಸಿಡಿಯದ ತೋಟಾ ಆಗಿದ್ದರೆ ಕೋಲು ಕೂಡ ಹಾಕಬಾರದು, ತಾವೂ ಅದಕ್ಕೆ ಬೇರೆಯೇ ಕ್ರಮ ಅನುಸರಿಸುತ್ತೇವೆ ಎಂದರು. ಅವರ ಸಂಬಂಧಿಕರೊಬ್ಬರು ಹಟ್ಟಿ ಚಿನ್ನದ ಗಣಿಯಲ್ಲಿ ಸಿಡಿಮದ್ದಿನ ಕೆಲಸದಲ್ಲಿದ್ದರಂತೆ. ಬಂಡೆಯ ರಂಧ್ರದಲ್ಲಿ ಸಿಡಿಯದೆ ಉಳಿದ ಮದ್ದನ್ನು ಅಲ್ಲಿ ಯಾರೂ ಕೆದಕಿ ತೆಗೆಯುವುದಿಲ್ಲ. ಮೊದಲು ಕಾಯುತ್ತಾರೆ. ಆಮೇಲೆ ತರಬೇತಾದವರು ದೂರ ಬಿಟ್ಟು ಸಮಾನಾಂತರವಾಗಿ ಬೇರೊಂದು ರಂಧ್ರ ಕೊರೆದು ಅದನ್ನು ಸಿಡಿಸುತ್ತಾರೆ.

ಚಾಚಾ ಇನ್ನೊಂದು ವಿಷಯ ತೋರಿಸಿದರು. ಒಂದು ಪೌಂಡು ಸೀಸವನ್ನು 12 ಸಮಭಾಗ ಮಾಡಿ ಉಂಡೆ ಕಟ್ಟಿದರೆ ಒಂದು ಉಂಡೆಯ ಅಗಲವೇ 12 ಬೋರು, ಸುಮಾರು 18.5 ಮಿಲಿಮೀಟರ್. 20 ಭಾಗ ಮಾಡಿದರೆ ಉಂಡೆ ಚಿಕ್ಕದು, ಅದು 20 ಬೋರು. ಅಂದರೆ ಅಂಕಿ ಹೆಚ್ಚಿದಷ್ಟೂ ಕೊಳವೆ ಸಣ್ಣದು. ಅವರು 20 ಬೋರಿನ ಖಾಲಿ ತೋಟಾವೊಂದನ್ನು ನಮ್ಮ ನಳಿಗೆಯ ಹಿಂಬದಿಗೆ ಹಾಕಿದರು. ಅದು ಒಳಕ್ಕೆ ಜಾರಿ ಮುಂದೆ ಸಿಕ್ಕಿಕೊಂಡಿತು. ಅದರ ಹಿಂದೆ 12 ಬೋರಿನ ತೋಟಾ ಆರಾಮವಾಗಿ ಕೂರುವಷ್ಟು ಜಾಗ ಉಳಿದಿತ್ತು! ತೋಟಾ ಹಾಕಿಲ್ಲ ಎಂದುಕೊಂಡು ಇನ್ನೊಂದು ಹಾಕಿ ಹೊಡೆದವರು ಉಳಿಯುವುದು ಅದೃಷ್ಟದಿಂದ. ಇದನ್ನು ತಪ್ಪಿಸಲೆಂದೇ 20 ಬೋರಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಇದೆ.

ಕೊನೆಗೆ ಒಳಗೆ ಒಣಬಟ್ಟೆ ಆಡಿಸಿ, ಹಿತ್ತಾಳೆ ಬ್ರಷ್ಷು ಹಾಕಿ, ಎಣ್ಣೆ ಸವರಿ, ನಳಿಗೆಯನ್ನು ಬೆಳಕಿಗೆ ಹಿಡಿದು ನನ್ನನ್ನು ಕರೆದರು. ಒಳಗೆ ಬೆಳಕಿನ ಬಳೆಗಳು ಒಂದರೊಳಗೊಂದು. ಎಲ್ಲಾದರೂ ಕಪ್ಪು ಉಂಗುರ ಕಂಡರೆ ಅಲ್ಲಿ ಉಬ್ಬಿದೆ ಎಂದರ್ಥ, ಅಂಥ ನಳಿಗೆಯನ್ನು ಮತ್ತೆ ಬಳಸಬಾರದು ಎಂದರು. ನಮ್ಮದರಲ್ಲಿ ಇರಲಿಲ್ಲ.

"ಕೆಸರು ಹೊಕ್ಕಿದ್ದು ಹ್ಯಾಂಗ ಗೊತ್ತಾತು, ಕತ್ತಲಾಗ?" ಎಂದು ಅಪ್ಪನನ್ನು ಕೇಳಿದರು.

"ಇಂವ ಹೇಳಿದ" ಎಂದ ಅಪ್ಪ.

ಯಾರು ಕೆಡವಿದ್ದು ಎಂದು ಹೇಳಲಿಲ್ಲ. ಚಾಚಾ ನನ್ನ ತಲೆಯ ಮೇಲೆ ಕೈ ಇಟ್ಟರು. ನನಗೆ ಅಳು ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಮಸ್ಕಿ ದಾಟಿದ ಮೇಲೆ ಅಪ್ಪ ಕಿಟಕಿಯ ಹೊರಗೆ ನೋಡುತ್ತಾ ಒಂದೇ ಮಾತು ಅಂದ: "ಬಿದ್ದಾಗ್ಲೇ ಹೇಳಿದ್ರ ಇನ್ನೂ ಚಲೋ ಆಗ್ತಿತ್ತು." ಅಷ್ಟೇ ಬೈಗುಳ. ಹೊಡೆತಕ್ಕಿಂತ ಅದು ಹೆಚ್ಚು ನಾಟಿತು. ಅಂದಿನಿಂದ ಅಪ್ಪ ಕತ್ತಲಾಗುವ ಮೊದಲೇ ನಳಿಗೆಯಲ್ಲಿ ಬೆಳಕು ನೋಡದೆ ಗದ್ದೆಗೆ ಹೋದದ್ದಿಲ್ಲ. ಬಂದೂಕನ್ನು ನನ್ನ ಕೈಗೆ ಕೊಟ್ಟದ್ದೂ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿದೆವು.

ಬಂದೂಕು ಇಲ್ಲದ ಮನೆಯವರಿಗೆ ಇದೆಲ್ಲ ಏಕೆ ಎನ್ನಬೇಡಿ. ನಿಮ್ಮ ಮನೆಯ ಪ್ರೆಷರ್ ಕುಕ್ಕರಿನ ಮುಚ್ಚಳದಲ್ಲೂ ಒಂದು ಕೊಳವೆ ಇದೆ. ಬೇಳೆಯ ಸಿಪ್ಪೆ ಸಿಕ್ಕಿಕೊಂಡರೆ ಅದೂ ಬಾಯಿ ಕಟ್ಟಿದ ನಳಿಗೆಯೇ. ಪ್ರತಿ ಸಲ ಮುಚ್ಚುವ ಮೊದಲು ಬೆಳಕಿಗೆ ಹಿಡಿದು ನೋಡುವುದಕ್ಕೆ ಎರಡು ಸೆಕೆಂಡು ಸಾಕು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಪ್ಲಾಸ್ಟಿಕ್ ಪೈಪಿನ 'ಕಾರ್ಬೈಡ್ ಗನ್' ಎಂಬ ಆಟಿಕೆಯಿಂದ ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಪೆಟ್ಟಾಯಿತು. ಬಹುಪಾಲು ಮಕ್ಕಳು. ಕೆಲವರು ದೃಷ್ಟಿಯನ್ನೇ ಕಳೆದುಕೊಂಡರು. ಅದು ಹೊತ್ತಿಕೊಳ್ಳದಿದ್ದಾಗ ಏಕೆ ಎಂದು ಪೈಪಿನೊಳಗೆ ಇಣುಕಿದವರು ಅವರಲ್ಲಿದ್ದರು. ಹಕ್ಕಿ ಓಡಿಸಲೆಂದು ಇಂಥವನ್ನು ಹೊಲದಲ್ಲಿ ಮಾಡುವ ಹುಡುಗರು ನಮ್ಮ ಕಡೆಯೂ ಇದ್ದಾರೆ. ಸಿಡಿಯದ್ದರೊಳಗೆ ಇಣುಕಬಾರದು. ಕಟ್ಟಿಕೊಂಡದ್ದನ್ನು ಸಿಡಿಸಿ ಬಿಡಿಸಬಾರದು. ಇನ್ನು ಮನೆಯಲ್ಲಿ ನಿಜವಾಗಿ ಬಂದೂಕು ಇರುವವರು ಖಾಲಿ ಮಾಡಿ, ಪರವಾನಗಿ ಇರುವ ಮೇಸ್ತ್ರಿಯ ಕೈಗೆ ಕೊಡಿ. ಚಾಚಾ ಮಾಡಿದ್ದನ್ನು ನಾನು ಬರೆದದ್ದು ನೀವು ಮಾಡಲಿ ಎಂದಲ್ಲ, ಬಲಕ್ಕಿಂತ ತಾಳ್ಮೆ ಕೆಲಸ ಮಾಡಿತು ಎಂದು ತೋರಿಸಲು.

ನಮ್ಮ ಪ್ರಯೋಗಶಾಲೆಯ ಬಾಗಿಲ ಮೇಲೆ ನಾನು ಒಂದು ಚೀಟಿ ಅಂಟಿಸಿದ್ದೇನೆ: "ಒಡೆದರೆ ಹೇಳಿ. ಹೇಳಿದವರಿಗೆ ದಂಡವಿಲ್ಲ." ಹಿಂದೊಮ್ಮೆ ಒಬ್ಬ ಹುಡುಗಿ ಥರ್ಮಾಮೀಟರ್ ಒಡೆದು, ಭಯದಿಂದ ಪಾದರಸವನ್ನು ಕಂಪಾಸ್ ಪೆಟ್ಟಿಗೆಯಲ್ಲಿ ಎರಡು ದಿನ ಬಚ್ಚಿಟ್ಟಿದ್ದಳು. ಪಾದರಸದ ಆವಿ ವಿಷ. ಆಕೆಯನ್ನು ಬೈಯಲು ಬಾಯಿ ತೆರೆದವನಿಗೆ ಆ ಬದು ನೆನಪಾಯಿತು. "ಹೇಳಿದೆಯಲ್ಲ, ಒಳ್ಳೆಯದಾಯಿತು" ಎಂದೆ. ಆಮೇಲೆ ಚೀಟಿ ಬರೆದೆ.

ಮಕ್ಕಳು ತಪ್ಪು ಮಾಡಿಬಂದು ಹೇಳಿಕೊಂಡಾಗ ನಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು ಎಂಬುದರ ಮೇಲೆ ಅವರು ಮುಂದಿನ ಸಲ ಹೇಳುತ್ತಾರೋ ಇಲ್ಲವೋ ಎಂಬುದು ನಿಂತಿದೆ. ಅಂದು ರಾತ್ರಿ ನನ್ನ ಗಂಟಲಲ್ಲಿ ಕಟ್ಟಿಕೊಂಡಿದ್ದ ಮಾತು ಇನ್ನೊಂದೇ ಕ್ಷಣ ತಡವಾಗಿ ಬಂದಿದ್ದರೆ, ಮಸ್ಕಿಯ ಆ ಅಂಗಡಿಯಾತನ ಕೈಯಂಥ ಕೈ ನಮ್ಮ ಮನೆಯಲ್ಲೂ ಒಂದಿರುತ್ತಿತ್ತು. ಅಥವಾ ಕೈ ಹಿಡಿದು ನಡೆಸಲು ಅಪ್ಪನೇ ಇರುತ್ತಿರಲಿಲ್ಲ.